ಹೊಸ ಕೀಲು, ಹಳೆಯ ಯೆಜ್ಡಿ

ಮಕ್ಕಳೇ, ನಿಮ್ಮ ಮನೆಯ ಹಿತ್ತಲಲ್ಲೋ ಅಡುಗೆಮನೆಯ ಮೂಲೆಯಲ್ಲೋ ಹಳೆಯ ಒರಳುಕಲ್ಲು ಇದ್ದರೆ ಈ ಪುಟ ಹಿಡಿದುಕೊಂಡೇ ಅದರ ಹತ್ತಿರ ಹೋಗಿ. ಇಲ್ಲದಿದ್ದರೆ ಅಜ್ಜಿಯನ್ನು ಕೇಳಿ, ಅದು ಹೇಗಿರುತ್ತಿತ್ತೆಂದು ಅವರು ಕೈಯಲ್ಲೇ ಮಾಡಿ ತೋರಿಸುತ್ತಾರೆ. ನಡುವೆ ಒಂದು ಕುಳಿ, ಅದರೊಳಗೆ ಒಂದು ಗುಂಡು. ಗುಂಡನ್ನು ಸುತ್ತ ತಿರುಗಿಸಬಹುದು, ಆಚೆ ಈಚೆ ವಾಲಿಸಬಹುದು, ಆದರೆ ಅದು ಕುಳಿ ಬಿಟ್ಟು ಹೊರಗೆ ಬರುವುದಿಲ್ಲ. ನಮ್ಮ ಸೊಂಟದ ಕೀಲು ಇರುವುದೂ ಹೀಗೆಯೇ. ತೊಡೆಮೂಳೆಯ ತುದಿಯಲ್ಲಿ ಒಂದು ಚೆಂಡು, ಸೊಂಟದ ಮೂಳೆಯಲ್ಲಿ ಅದಕ್ಕೆ ಸರಿಯಾದ ಒಂದು ಬಟ್ಟಲು. ಎರಡರ ಮೇಲೂ ಎಳನೀರಿನ ಗಂಜಿಯಷ್ಟು ನುಣುಪಾದ ಒಂದು ಹೊದಿಕೆ. ಆ ಹೊದಿಕೆ ಸವೆದರೆ ಅಕ್ಕಿ ಹಾಕದ ಒರಳಿನಲ್ಲಿ ಗುಂಡು ತಿರುಗಿಸಿದಂತೆ, ಕಲ್ಲಿಗೆ ಕಲ್ಲು ತಾಗುತ್ತದೆ. ನನ್ನ ಎಡಗಡೆಯ ಒರಳು 72ನೇ ವರ್ಷಕ್ಕೆ ಆ ಸ್ಥಿತಿಗೆ ಬಂದಿತ್ತು.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಅದನ್ನು ತೆಗೆಸಿ ಹೊಸದು ಹಾಕಿಸಿಕೊಂಡೆ. ಈ ಅಂಕಣದಲ್ಲಿ ಆ ಮಾತು ಒಮ್ಮೆ ಬಂದು ಹೋಗಿತ್ತು. ಆಮೇಲೆ ಬೇರೊಂದು ವಾರ, ಗೇರುಬೀಜದ ವಿಷಯ ಬರೆಯುವಾಗ, ಯೆಜ್ಡಿ ಹತ್ತಿ ಗುಡ್ಡಕ್ಕೆ ಹೋಗಿದ್ದೆ ಎಂದು ಒಂದು ಸಾಲು ಬರೆದಿದ್ದೆ. ಗೇರುಬೀಜದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆ. ನನ್ನ ಓರಗೆಯವರು ‘ನಿಮ್ಮ ಡಾಕ್ಟರರು ಒಪ್ಪಿದರೇ?’ ಎಂದು ಕೇಳಿದ್ದಾರೆ. ಮಕ್ಕಳು ‘ಅಜ್ಜಾ, ಅದು ಡರ್ಟ್ ಬೈಕಾ?’ ಎಂದು ಕೇಳಿದ್ದಾರೆ. ಎರಡಕ್ಕೂ ಈ ವಾರ ಉತ್ತರ ಹೇಳಿಬಿಡುತ್ತೇನೆ.

ಮೊದಲು ಮಕ್ಕಳ ಪ್ರಶ್ನೆ. ನಾನು ಬ್ಯಾಂಕಿಗೆ ಸೇರಿದ ಕಾಲಕ್ಕೆ ನಮ್ಮ ಶೆಟಗೇರಿಯ ಕಡೆ ಡಾಂಬರು ಎಂದರೆ ಹೆದ್ದಾರಿಯಲ್ಲಿ ಮಾತ್ರ. ಅಲ್ಲಿಂದ ಈಚೆಗೆ ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ರಸ್ತೆಯೇ ಮಣ್ಣಿನದಾದ ಮೇಲೆ ಓಡುವ ಬೈಕೆಲ್ಲ ಡರ್ಟ್ ಬೈಕೇ. 1983ರಲ್ಲಿ ಬ್ಯಾಂಕಿನ ವಾಹನ ಸಾಲದಲ್ಲಿ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡೆ. ಆಗ ನನ್ನನ್ನು ಯಲ್ಲಾಪುರದ ಬದಿಯ ಒಂದು ಶಾಖೆಗೆ ಹಾಕಿದ್ದರು. ಕೃಷಿ ಸಾಲದ ಅಧಿಕಾರಿಗಳನ್ನು ಹಿಂದೆ ಕೂರಿಸಿಕೊಂಡು ಅಡಕೆ ತೋಟಗಳಿಗೆ ಹೋಗುವ ಕೆಲಸ ಗುಮಾಸ್ತನಾದ ನನ್ನ ಪಾಲಿಗೆ ಬಂತು, ಏಕೆಂದರೆ ಶಾಖೆಯಲ್ಲಿ ಬೈಕ್ ಇದ್ದವನು ನಾನೊಬ್ಬನೇ. ಹಳ್ಳ ದಾಟುವುದು, ಬೇರು ಹತ್ತಿ ಇಳಿಯುವುದು, ಕೆಸರಿನಲ್ಲಿ ಹಿಂದಿನ ಚಕ್ರ ಹಾವಿನಂತೆ ಆಡಿದಾಗ ಹ್ಯಾಂಡಲ್ ಬಿಗಿ ಹಿಡಿಯದೆ ಹದವಾಗಿ ಬಿಡುವುದು, ಎಲ್ಲವನ್ನೂ ಅಲ್ಲೇ ಕಲಿತೆ. ಸಂಬಳ ಕೊಟ್ಟು ಕಲಿಸಿದರು ಎನ್ನಿ.

ಈ ರೋಡ್‌ಕಿಂಗ್ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಐಡಿಯಲ್ ಜಾವಾ ಕಂಪನಿ 1961ರಿಂದ ಅಲ್ಲಿ ಝೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸುತ್ತಿತ್ತು. ಮುಂದೆ ಅದೇ ಕಾರ್ಖಾನೆಯ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ ಪ್ರೇರಣೆ ಮಣ್ಣಿನಲ್ಲಿ ಓಡಿಸುವ ಸಿ.ಜ಼ಡ್. ಮೋಟೋಕ್ರಾಸ್ ಬೈಕು. ಹಾಗಾಗಿ ನನ್ನ ಮೊಮ್ಮಗ ತನ್ನ ಸ್ನೇಹಿತರಿಗೆ ‘ನಮ್ಮಜ್ಜ ಡರ್ಟ್ ಬೈಕ್ ಓಡಿಸ್ತಾರೆ’ ಎಂದು ಹೇಳಿಕೊಳ್ಳುವುದು ಪೂರ್ತಿ ಸುಳ್ಳಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಗಾಡಿ ಮುಚ್ಚಲಿಲ್ಲ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಮನೆ ಹಿಂದಿನ ಗುಡ್ಡದ ಗೇರು ಹಾಡಿಗೆ, ಚಿರೇಕಲ್ಲಿನ ಹಾಸಿನ ಮೇಲೆ, ವಾರಕ್ಕೆರಡು ಸಲ ಅದರಲ್ಲೇ ಹೋಗುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ. ಗುಡ್ಡದ ನೆತ್ತಿಗೆ ಹೋಗಿ, ದೂರದಲ್ಲಿ ಕಾಣುವ ಸಮುದ್ರವನ್ನು ಹತ್ತು ನಿಮಿಷ ನೋಡಿ ಇಳಿಯುವುದು, ಅಷ್ಟೇ.

ಇನ್ನು ಆಪರೇಶನ್. ಅದರ ಕತೆ ಶುರುವಾಗುವುದು ಇಂಗ್ಲೆಂಡಿನ ಜಾನ್ ಚಾರ್ನ್ಲೆ ಎಂಬ ಶಸ್ತ್ರವೈದ್ಯರಿಂದ. ಅವರ ಬಳಿ ಒಬ್ಬ ರೋಗಿ ಬಂದಿದ್ದರಂತೆ. ಅವರಿಗೆ ಬೇರೆಯವರು ಅಕ್ರಿಲಿಕ್ಕಿನ ಚೆಂಡು ಕೂರಿಸಿದ್ದರು. ಅವರು ಊಟದ ಮೇಜಿನ ಮೇಲೆ ಮುಂದಕ್ಕೆ ಬಾಗಿದರೆ ಸಾಕು, ಸೊಂಟ ಎಣ್ಣೆ ಕಾಣದ ಬಾಗಿಲಿನಂತೆ ‘ಕಿಂಯ್’ ಎನ್ನುತ್ತಿತ್ತು. ಅದನ್ನು ತಾಳಲಾರದೆ ಅವರ ಹೆಂಡತಿ ಒಂದೇ ಕೋಣೆಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. (ಮಕ್ಕಳು ನಗಲಿ, ಅಡ್ಡಿಯಿಲ್ಲ.) ಚಾರ್ನ್ಲೆ ನಗಲಿಲ್ಲ. ಸದ್ದು ಬರುತ್ತದೆ ಎಂದರೆ ಉಜ್ಜುತ್ತದೆ, ಉಜ್ಜುವುದು ಕಡಿಮೆಯಾಗಬೇಕು ಎಂದು ಹಿಡಿದು ಕೂತರು. ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದರು, ದೋಸೆ ಕಾವಲಿಗೆ ಬಳಿದಿರುತ್ತದಲ್ಲ, ಅದೇ ಟೆಫ್ಲಾನ್. ಅದು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರ ನವೆಂಬರಿನಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಅದರಲ್ಲಿ ಆಡುವ ಸುಮಾರು 22 ಮಿಲಿಮೀಟರಿನ ಸಣ್ಣ ಉಕ್ಕಿನ ಚೆಂಡು, ಎರಡನ್ನೂ ಮೂಳೆಗೆ ಅಂಟಿಸಲು ಹಲ್ಲಿನ ಡಾಕ್ಟರರು ಬಳಸುವ ಜಾತಿಯ ಸಿಮೆಂಟು, ಇಷ್ಟನ್ನು ಜೋಡಿಸಿದರು. ಅದು ನಿಂತಿತು. ಇವತ್ತು ಲೋಹ ಬೇರೆಯಾಗಿದೆ, ಚೆಂಡು ದೊಡ್ಡದಾಗಿದೆ, ಸಿಮೆಂಟಿಲ್ಲದೆ ಮೂಳೆಯೇ ಬೆಳೆದು ಹಿಡಿದುಕೊಳ್ಳುವ ಬಗೆಯೂ ಬಂದಿದೆ. ಆದರೆ ಬಟ್ಟಲು, ಚೆಂಡು, ತೊಡೆಮೂಳೆಯೊಳಗೆ ಇಳಿಯುವ ಕಾಂಡ ಎಂಬ ಲೆಕ್ಕ ಅವರದೇ.

ಬಾಳಿಕೆ ಎಷ್ಟು? ಬ್ಯಾಂಕಿನವನಾದ್ದರಿಂದ ಅವಧಿ ಕೇಳದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದೊಡ್ಡದೊಂದು ಲೆಕ್ಕ ಪ್ರಕಟವಾಯಿತು. ಸೊಂಟದ ಕೃತಕ ಕೀಲುಗಳಲ್ಲಿ 100ಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ ಎಂದು ಅದರಲ್ಲಿದೆ. 72ರಲ್ಲಿ ಹಾಕಿಸಿದವನಿಗೆ ಇದು ಧಾರಾಳವಾಯಿತು. ಈ ಠೇವಣಿ ಪಕ್ವವಾಗುವ ಹೊತ್ತಿಗೆ ಖಾತೆದಾರ ಇರುತ್ತಾನೋ ಇಲ್ಲವೋ.

ಮನೆಗೆ ಬಂದ ಮೇಲಿನ ಮೊದಲ ತಿಂಗಳುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸ್ವಾರಸ್ಯವಿಲ್ಲ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಮುಖವಾಗಿ ತಿರುಚಬಾರದು. ಹಿಂಬದಿಯಿಂದ ಕೊಯ್ದು ಆಪರೇಶನ್ ಮಾಡಿದವರಿಗೆ ಈ ಮೂರು ಕಟ್ಟುಪಾಡು. ಇವು ತಪ್ಪಿದರೆ ಚೆಂಡು ಬಟ್ಟಲಿನಿಂದ ಜಾರಿಬಿಡಬಹುದು. ಮಣೆ ಹೋಯಿತು, ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತು ಉಣ್ಣುವುದು ಹೋಯಿತು. ಮದುವೆಮನೆಗಳಲ್ಲಿ ನನಗೆ ಈಗ ಪುರೋಹಿತರಿಗಿಂತ ಮೊದಲು ಕುರ್ಚಿ ಬರುತ್ತದೆ.

ನಿಜವಾದ ಪಾಠ ಕಲಿಸಿದವರು ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿ. ನನ್ನ ಮೊಮ್ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ‘ಕಿಟಕಿ ಸರಳು ಹಿಡ್ಕೊಂಡು ಆಪರೇಶನ್ ಆದ ಕಾಲ ಮೇಲೊಂದೇ ನಿಲ್ಲಿ ಅಜ್ಜ’ ಎಂದಳು. ನಿಂತೆ. ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿದುಬಿಟ್ಟಿತು. ಕೀಲು ಹೊಸದು, ಆದರೆ ಅದನ್ನು ಪಕ್ಕದಿಂದ ಹಿಡಿದುಕೊಳ್ಳಬೇಕಾದ ಪೃಷ್ಠದ ಸ್ನಾಯು ನೋವಿನ ವರ್ಷಗಳಲ್ಲಿ ಸೋತುಹೋಗಿದೆ ಎಂದು ವಿವರಿಸಿದಳು. ಮೊದಲ ವಾರ ಐದು ಎಣಿಸುವಷ್ಟು ನಿಲ್ಲುತ್ತಿದ್ದೆ. ಮೂರು ತಿಂಗಳಿಗೆ ಮೂವತ್ತು. ಮೊಮ್ಮಗಳು ರವಿವಾರ ಅಂಕೋಲೆ ಪೇಟೆಯಿಂದ ಬಂದಾಗ ನಮ್ಮಿಬ್ಬರ ಪಂದ್ಯ, ಜಗಲಿಯಲ್ಲಿ ಎರಡು ಕೊಕ್ಕರೆಗಳಂತೆ. ನೀವೂ ನಿಮ್ಮ ಅಜ್ಜ-ಅಜ್ಜಿಯ ಜೊತೆ ಆಡಿ. ಒಂದೇ ಷರತ್ತು, ದೊಡ್ಡವರ ಕೈ ಕಿಟಕಿ ಸರಳಿನ ಮೇಲೋ ಗೋಡೆಯ ಮೇಲೋ ಇರಬೇಕು. ಆಟದಲ್ಲಿ ಗೆಲ್ಲುವವರು ನೀವೇ, ಆದರೆ ಲಾಭ ಅವರಿಗೆ.

ಈ ಕೊಕ್ಕರೆ ಆಟಕ್ಕೂ ಬೈಕಿಗೂ ಏನು ಸಂಬಂಧ ಎಂದು ಕೇಳಬಹುದು. ಬೈಕು ಹತ್ತುವುದನ್ನು ನಿಧಾನವಾಗಿ ನೆನಪಿಸಿಕೊಳ್ಳಿ. ಎಡಗಡೆ ನಿಂತು, ಎಡಗಾಲಿನ ಮೇಲೆ ಮೈಭಾರ ಹಾಕಿ, ಬಲಗಾಲನ್ನು ಸೀಟಿನ ಮೇಲಿಂದ ಬೀಸಿ ದಾಟಿಸುತ್ತೇವೆ. ನನ್ನ ಹೊಸ ಕೀಲು ಎಡಗಡೆಯದು. ಅಂದರೆ ಹತ್ತುವ ಆ ಎರಡು ಕ್ಷಣ ನಾನು ಆಪರೇಶನ್ ಆದ ಒಂದೇ ಕಾಲ ಮೇಲೆ ನಿಂತಿರುತ್ತೇನೆ, ಅದೂ ಮೇಲೆ ತಿರುಚಿಕೊಂಡು.

ಆರು ತಿಂಗಳ ತಪಾಸಣೆಯಲ್ಲಿ ಡಾಕ್ಟರರನ್ನು ನೇರವಾಗಿ ಕೇಳಿದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಓಡಿಸುವುದರಿಂದ ಕೀಲಿಗೆ ಏನೂ ಆಗುವುದಿಲ್ಲ. ಬೀಳುವುದರಿಂದ ಆಗುತ್ತದೆ. ಬೀಳುವುದಿಲ್ಲ ಎಂದು ಬರೆದುಕೊಟ್ಟರೆ ನಾನು ಓಡಿಸಬಹುದೆಂದು ಬರೆದುಕೊಡುತ್ತೇನೆ’ ಎಂದರು. ಬಿದ್ದರೆ ಚೆಂಡು ಜಾರಬಹುದು. ಅದಕ್ಕಿಂತ ಕೆಟ್ಟದ್ದು, ತೊಡೆಮೂಳೆಯೊಳಗಿನ ಲೋಹದ ಕಾಂಡದ ಸುತ್ತ ಮೂಳೆ ಸೀಳಬಹುದು. ಅದನ್ನು ತಂತಿ, ಪಟ್ಟಿ ಹಾಕಿ ಜೋಡಿಸುವುದು ಮೊದಲ ಆಪರೇಶನ್ನಿಗಿಂತ ಕಷ್ಟದ ಕೆಲಸ. ನಡೆಯಿರಿ, ಈಜಿರಿ, ಸೈಕಲ್ ತುಳಿಯಿರಿ, ಹಾರಬೇಡಿ ಎಂಬುದು ಈ ಆಪರೇಶನ್ ಆದವರಿಗೆ ಸಾಮಾನ್ಯವಾಗಿ ಹೇಳುವ ಮಾತು. ಬೈಕು ಸೈಕಲ್ಲಿನ ಸಾಲಿಗೆ ಸೇರುತ್ತದೋ ಹಾರುವುದರ ಸಾಲಿಗೋ ಎಂಬುದು ಓಡಿಸುವವನನ್ನು ಅವಲಂಬಿಸಿದೆ ಎಂದು ಅವರೇ ಸೇರಿಸಿದರು.

ಮನೆಯಲ್ಲಿ ಇಬ್ಬರು ವಕೀಲರು ಎರಡು ಕಡೆಗೆ ನಿಂತರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ಮೊಬೈಲಿನಲ್ಲಿ ಒಂದೊಂದೇ ಸಾಕ್ಷಿ ತೆಗೆದು ತೋರಿಸಿದ. ಟೆನಿಸ್ ಆಡುವ ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಸೊಂಟದ ಆಪರೇಶನ್ ಮಾಡಿಸಿಕೊಂಡು ಅದೇ ವರ್ಷದ ಅಕ್ಟೋಬರಿನಲ್ಲಿ ಆ್ಯಂಟ್‌ವರ್ಪ್ ಟೂರ್ನಿ ಗೆದ್ದರು. (ಅವರದು ಚೆಂಡನ್ನು ತೆಗೆಯದೆ ಅದರ ಮೇಲೆ ಲೋಹದ ಟೋಪಿ ಕೂರಿಸುವ ಬಗೆ, ವಯಸ್ಸು 31. ಈ ಎರಡು ಅಂಶ ಮೊಮ್ಮಗ ಹೇಳಲಿಲ್ಲ, ನಾನು ಓದಿಕೊಂಡೆ.) ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ಸ್ಪರ್ಧೆಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು ಮಾಡಿಕೊಂಡರು. ಮರುವರ್ಷ ಅದೇ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ನಮ್ಮ ನೆರೆಯ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದವರು. ಅವರಿಗಿಂತ ಮೊದಲು, 2015ರಲ್ಲಿ, ಆ ರ‍್ಯಾಲಿಯನ್ನು ಕೊನೆಮುಟ್ಟಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬಿದ್ದಾಗ ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿ ಮಲಗಿಸಿ ಉಳಿಸಬೇಕಾಯಿತು. ಕೋಲಾರದ ಬಳಿ ಮಣ್ಣಿನಲ್ಲಿ ಬೈಕ್ ಓಡಿಸುವುದನ್ನು ಕಲಿಸುವ ಬಿಗ್‌ರಾಕ್ ಡರ್ಟ್‌ಪಾರ್ಕ್ ಕಟ್ಟಿದವರೂ ಅವರೇ.

ಇದನ್ನೆಲ್ಲ ಕೇಳುತ್ತ ಕೂತಿದ್ದ ನನ್ನ ಹೆಂಡತಿ ಒಂದೇ ಮಾತು ಹೇಳಿದಳು. ‘ಅವ್ರು ಬಿದ್ರೆ ಎತ್ತೂಕೆ ಹೆಲಿಕಾಪ್ಟರ್ ಬರ್ತದೆ. ನೀವು ಬಿದ್ರೆ ಎತ್ತೂಕೆ ಯಾರಿದ್ರು? ನನ್ ಮೊಳಕಾಲು ನಂಗೇ ಎದ್ದು ನಿಲ್ಲೂಕೆ ಬಿಡೂದಿಲ್ಲ.’

ಮೊಮ್ಮಗ ಮೊಬೈಲು ಕೆಳಗಿಟ್ಟ. ನಾನೂ ಸುಮ್ಮನಾದೆ. ಆಪರೇಶನ್ ಆದಾಗ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದವಳು ಅವಳು. ಆರು ವಾರ ನನ್ನ ಕಾಲಿಗೆ ಕಾಲುಚೀಲ ಹಾಕಿದವಳು ಅವಳು, ಏಕೆಂದರೆ ನನಗೆ ಬಗ್ಗುವಂತಿರಲಿಲ್ಲ. ಇನ್ನೊಂದು ಸಲ ನಾನು ಮಲಗಿದರೆ ಮಲಗುವವನು ಮಾತ್ರ ನಾನು, ಉಳಿದದ್ದೆಲ್ಲ ಅವಳ ಪಾಲು. ಸಾಲದ ಕಾಗದದಲ್ಲಿ ಜಾಮೀನುದಾರರ ಸಹಿ ಇಲ್ಲದೆ ಹಣ ಕೊಡುವಂತಿಲ್ಲ ಎಂದು ಮೂವತ್ತು ವರ್ಷ ಜನರಿಗೆ ಹೇಳಿದವನು ನಾನು. ಇಲ್ಲಿ ಜಾಮೀನುದಾರಳು ಅವಳೇ.

ಎರಡು ವಾರ ಆ ಮಾತನ್ನೇ ಎತ್ತಲಿಲ್ಲ. ಆಮೇಲೆ ಅವಳಾಗಿಯೇ ಷರತ್ತು ಹೇಳಿದಳು. ಗುಡ್ಡಕ್ಕೆ ಒಬ್ಬರೇ ಹೋಗಕೂಡದು, ಪಕ್ಕದ ಮನೆಯ ಹುಡುಗನೋ ಮೊಮ್ಮಗನೋ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಮಳೆಗಾಲ ಪೂರ್ತಿ ಗಾಡಿಗೆ ಗೋಣಿಚೀಲ ಹೊದಿಸಬೇಕು. ಹೆಲ್ಮೆಟ್ಟಿನ ಪಟ್ಟಿ ಅವಳ ಎದುರೇ ಬಿಗಿಯಬೇಕು. ಮಳೆಗಾಲದ ಷರತ್ತಿಗೆ ನಾನು ತಕರಾರು ಮಾಡಲಿಲ್ಲ. ಪಾಚಿ ಹಿಡಿದ ಚಿರೇಕಲ್ಲಿನ ಮೇಲೆ ಇಪ್ಪತ್ತರ ಹುಡುಗನೂ ಜಾರುತ್ತಾನೆ. ಅಲ್ಲದೆ 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಮಳೆ ಹೊಡೆಯುವಾಗ ಗುಡ್ಡದ ಮಗ್ಗುಲಿಗೆ ಹೋಗಲು ಈ ಊರಿನಲ್ಲಿ ಯಾರಿಗೂ ಮನಸ್ಸಿಲ್ಲ. ಒಬ್ಬನೇ ಹೋಗಬಾರದು ಎಂಬುದು ಮಾತ್ರ ನನಗೆ ಕಹಿಯಾಯಿತು, ಈಗಲೂ ಕಹಿಯೇ. ಗುಡ್ಡದ ಮೇಲಿನ ಆ ಹತ್ತು ನಿಮಿಷ ಯಾರೂ ಮಾತಾಡದ ಹತ್ತು ನಿಮಿಷವಾಗಿತ್ತು. ಪಕ್ಕದ ಮನೆಯ ಹುಡುಗ ಒಳ್ಳೆಯವನು, ಆದರೆ ಬಾಯಿ ಮುಚ್ಚುವುದಿಲ್ಲ.

ಯಾವ ಗಾಡಿ ಎಂಬುದೂ ಒಂದು ಒಗಟಾಗಿತ್ತು. ಮೊಮ್ಮಗನ ಎಕ್ಸ್‌ಪಲ್ಸ್ ಮಣ್ಣಿಗೆಂದೇ ಮಾಡಿದ ಬೈಕು. ಗುಂಡಿ ಒತ್ತಿದರೆ ಶುರುವಾಗುತ್ತದೆ, ಕಲ್ಲು ಗುಂಡಿಗಳನ್ನು ನುಂಗಿಕೊಂಡು ಹೋಗುತ್ತದೆ. ಆದರೆ ಸೀಟು ನೆಲದಿಂದ 820 ಮಿಲಿಮೀಟರಿಗೂ ಎತ್ತರ. ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ಅದನ್ನು ಸಲೀಸಾಗಿ ಹತ್ತಿದೆ. ಮೊಮ್ಮಗ ಚಪ್ಪಾಳೆ ತಟ್ಟಿದ. ಹತ್ತಿ ಕೂತ ಮೇಲೆ ಯೋಚಿಸಿದೆ, ಹತ್ತುವುದು ಮನೆಯ ಕಟ್ಟೆಯಿಂದ, ಗುಡ್ಡದ ಮೇಲೆ ಇಳಿಯುವುದು ಯಾವ ಕಟ್ಟೆಗೆ? ಹೋದಲ್ಲೆಲ್ಲ ಕಟ್ಟೆ ಕಟ್ಟಿಸಲಾಗುತ್ತದೆಯೇ? ಅಲ್ಲೇ ಇಳಿದುಬಿಟ್ಟೆ.

ಯೆಜ್ಡಿ ತಗ್ಗು. ಆದರೆ ಅದಕ್ಕೆ ಗುಂಡಿಯಿಲ್ಲ, ಕಿಕ್ ಹೊಡೆಯಬೇಕು. ಬೇರೆ ಬೈಕುಗಳಿಗೆ ಕಿಕ್ ಬಲಗಡೆ ಇದ್ದರೆ ಯೆಜ್ಡಿಗೆ ಎಡಗಡೆ. ಅದೇ ಸನ್ನೆಯನ್ನು ತಿರುಗಿಸಿ ಮುಂದಕ್ಕೆ ತಂದರೆ ಗೇರಾಗುತ್ತದೆ, ಮೈಸೂರಿನವರ ಉಳಿತಾಯದ ಬುದ್ಧಿ ಎಂದು ನಾವು ನಗುತ್ತಿದ್ದೆವು. (ಆ ಜಾಣತನ ಝೆಕ್ ದೇಶದವರದು.) ಸೀಟಿನ ಮೇಲೆ ಕೂತು ಕಿಕ್ ಹೊಡೆದರೆ ಎಡ ಸೊಂಟಕ್ಕೆ ಪೆಟ್ಟು. ಪಕ್ಕದಲ್ಲಿ ನಿಂತು ಬಲಗಾಲಿನಿಂದ ಹೊಡೆದರೆ ಎಡಗಾಲಿನ ಮೇಲೆ ಪೂರ್ತಿ ಭಾರ, ಅದೂ ಜರ್ಕಿನಲ್ಲಿ. ಹೇಗೆ ಲೆಕ್ಕ ಹಾಕಿದರೂ ಖರ್ಚು ಎಡಗಾಲಿನ ಖಾತೆಗೇ ಬೀಳುತ್ತದೆ.

ಹತ್ತನೇ ಇಯತ್ತೆಯ ಮೊಮ್ಮಗಳು ಜಗಲಿಯಲ್ಲಿ ಕೂತು ನಮ್ಮ ಚರ್ಚೆ ಕೇಳುತ್ತಿದ್ದವಳು ಎದ್ದು ಬಂದಳು. ‘ಕಿಕ್ ಹೊಡ್ಯೂಕೆ ನಾನಿಲ್ವಾ ಅಜ್ಜಾ?’

ಅವಳಿಗೆ ಗಟ್ಟಿ ಶೂ ಹಾಕಿಸಿ, ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ ಕಲಿಸಿದೆ. ಒಂದೇ ಏಟಿಗೆ ಒದೆಯುವುದಲ್ಲ. ಕಾಲಿನಲ್ಲಿ ನಿಧಾನ ಒತ್ತುತ್ತ ಹೋದರೆ ಒಂದು ಕಡೆ ಬಿಗಿ ಸಿಗುತ್ತದೆ. ಅದನ್ನು ಸ್ವಲ್ಪ ದಾಟಿಸಿ, ಸನ್ನೆ ಮೇಲಕ್ಕೆ ಬಿಟ್ಟು, ಆಮೇಲೆ ಕೊನೆಯವರೆಗೆ ಒಂದೇ ತುಳಿತ. ಅರ್ಧಕ್ಕೆ ಬಿಟ್ಟರೆ ತಿರುಗಿ ಒದೆಯುತ್ತದೆ. ಏಳನೆಯ ಸಲಕ್ಕೆ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಹೆಂಡತಿ ಕೆಮ್ಮುತ್ತ ಒಳಗೆ ಹೋದಳು. ಅದು ಸಿಟ್ಟಿನ ಕೆಮ್ಮಲ್ಲ ಎಂದುಕೊಂಡೆ.

ದಾರಿಯಲ್ಲಿ ನಿಂತುಹೋದರೆ? ಅದಕ್ಕೊಂದು ಹಳೆಯ ಉಪಾಯವಿದೆ. ನಾನು ಗುಡ್ಡದಲ್ಲಿ ಎಲ್ಲಿ ನಿಲ್ಲಿಸಿದರೂ ಗಾಡಿಯ ಮೂತಿ ಇಳಿಜಾರಿಗೇ ಇರುತ್ತದೆ. ಎರಡನೇ ಗೇರು ಹಾಕಿ, ಕ್ಲಚ್ ಹಿಡಿದು, ಉರುಳಲು ಬಿಟ್ಟು, ವೇಗ ಬಂದಾಗ ಕ್ಲಚ್ ಬಿಟ್ಟರೆ ಎಂಜಿನ್ನು ತಾನೇ ಏಳುತ್ತದೆ.

ನವೆಂಬರಿನಲ್ಲಿ ಗದ್ದೆ ಕೊಯ್ಲು ಮುಗಿದು ನೆಲ ಗಟ್ಟಿಯಾದ ಮೇಲೆ ಹೊರಟೆ. ಹಿಂದೆ ಮೊಮ್ಮಗನ ಎಕ್ಸ್‌ಪಲ್ಸ್. ಮಣ್ಣಿನಲ್ಲಿ ಓಡಿಸುವಾಗ ಸೀಟಿನ ಮೇಲೆ ಕೂರದೆ ಫುಟ್‌ರೆಸ್ಟಿನ ಮೇಲೆ ಮೊಣಕಾಲು ತುಸು ಬಗ್ಗಿಸಿ ನಿಲ್ಲುತ್ತಾರೆ, ನೋಡಿರಬಹುದು. ನೋಡುವವರಿಗೆ ಅದು ಸಾಹಸದಂತೆ ಕಾಣುತ್ತದೆ. ಕೃತಕ ಕೀಲಿನವನಿಗೆ ಅದೇ ಅನುಕೂಲ. ತಗ್ಗಿನ ಸೀಟಿನಲ್ಲಿ ಕೂತರೆ ಸೊಂಟ ಹೆಚ್ಚು ಮಡಚುತ್ತದೆ, ಕುಲುಕಾಟ ನೇರ ಬೆನ್ನಿಗೆ ಹೊಡೆಯುತ್ತದೆ. ನಿಂತರೆ ಮಡಚುವುದು ಕಡಿಮೆ, ಕುಲುಕಾಟವನ್ನು ಮೊಣಕಾಲು ತಡೆಯುತ್ತದೆ. ಹೆದರಬೇಕಾದದ್ದು ಬೇರೆ ಕಡೆ. ನಿಧಾನದ ಎಡ ತಿರುವಿನಲ್ಲಿ ಗಾಡಿ ವಾಲಿದಾಗ ಎಡಗಾಲು ನಮಗೆ ಗೊತ್ತಿಲ್ಲದೆ ನೆಲಕ್ಕೆ ಹೋಗುತ್ತದೆ. ಊರಿದ ಕಾಲು ಅಲ್ಲೇ ಉಳಿದು ಮೈ ಮುಂದಕ್ಕೆ ಹೋದರೆ ಸೊಂಟ ತಿರುಚುತ್ತದೆ. ಹಾಗಾಗಿ ಬಿಗಿಯಾದ ಎಡ ತಿರುವು ಬಂದರೆ ಮೊದಲೇ ನಿಲ್ಲಿಸಿ, ಬಲಗಾಲು ಊರಿ, ಸುತ್ತು ಹಾಕಿಕೊಂಡು ಹೋಗುತ್ತೇನೆ. ಹಿಂದಿನಿಂದ ನೋಡುವವರಿಗೆ ಎಮ್ಮೆ ತಿರುಗಿಸಿದ ಹಾಗೆ ಕಾಣುತ್ತದಂತೆ. ಮೊಮ್ಮಗನ ವರದಿ.

ಗೇರು ಹಾಡಿ ದಾಟಿದ ಮೇಲೆ ದಾರಿಗೆ ಅಡ್ಡವಾಗಿ ಮೊಳಕಾಲೆತ್ತರದ ಚಿರೇಕಲ್ಲಿನ ಒಂದು ಮೆಟ್ಟಿಲಿದೆ. ಮೊದಲೆಲ್ಲ ಇಳಿಯುವಾಗ ಅದರ ಮೇಲಿಂದ ಗಾಡಿಯನ್ನು ಹಾರಿಸುತ್ತಿದ್ದೆ. ಎರಡೂ ಚಕ್ರ ನೆಲ ಬಿಟ್ಟಿರುವ ಆ ಅರ್ಧ ಕ್ಷಣದಲ್ಲಿ ಎಂಜಿನ್ನಿನ ಸದ್ದೇ ಬೇರೆಯಾಗುತ್ತಿತ್ತು. ಅರವತ್ತೆಂಟರವರೆಗೂ ಹಾರಿಸಿದ್ದೇನೆ. ಈಗ ಅಲ್ಲಿ ಬಲಗಡೆಯಿಂದ ಬಳಸಿ ಹೋಗುವ ಒಂದು ಕಾಲುದಾರಿ ಮಾಡಿಕೊಂಡಿದ್ದೇವೆ. ಮೊಮ್ಮಗ ಹಾರಿಸುತ್ತಾನೆ. ನಾನು ಕೆಳಗೆ ನಿಂತು ನೋಡುತ್ತೇನೆ. ಬೇಸರವಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ.

ಓರಗೆಯವರಿಗೆ ಇನ್ನೊಂದು ಮಾಹಿತಿ. 55 ದಾಟಿದವರಿಗೆ ಡ್ರೈವಿಂಗ್ ಲೈಸೆನ್ಸನ್ನು ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ, ಡಾಕ್ಟರರು ತುಂಬಿಕೊಡುವ ಫಾರ್ಮ್ 1ಎ ಬೇಕು. ಆಪರೇಶನ್ ಆದ ವಿಷಯವನ್ನು ಆ ಡಾಕ್ಟರರಿಗೆ ಮುಚ್ಚಿಡದೆ ಹೇಳಿ. ನನ್ನದು ಹೋದ ವರ್ಷ ನವೀಕರಣವಾಯಿತು. ಗಾಡಿಯ ಆರ್.ಸಿ.ಯದೂ ಐದೈದು ವರ್ಷದ ಬದುಕು. ಇಬ್ಬರ ಅವಧಿಯೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತದೆ. ಆಗ ನನಗೆ 78. ಆ ದಿನ ಕಿಟಕಿ ಸರಳು ಹಿಡಿಯದೆ ಎಡಗಾಲಿನ ಮೇಲೆ ಮೂವತ್ತು ಎಣಿಸುವಷ್ಟು ನಿಂತರೆ ಕಾರವಾರದ ಆರ್.ಟಿ.ಓ. ಕಚೇರಿಗೆ ಹೋಗುವುದು, ನಿಲ್ಲಲಾಗದಿದ್ದರೆ ಗಾಡಿಯನ್ನು ಮೊಮ್ಮಗಳ ಹೆಸರಿಗೆ ಮಾಡುವುದು ಎಂದು ಹೆಂಡತಿಯ ಎದುರು ಒಪ್ಪಿಕೊಂಡಾಗಿದೆ. ಎಣಿಸುವವಳು ಅವಳೇ. ಅವಳು ಬೇಗ ಎಣಿಸುವುದಿಲ್ಲ, ಅದೂ ನನಗೆ ಗೊತ್ತು.

ಸದ್ಯಕ್ಕೆ ಗಾಡಿ ನಿಂತಿದೆ, ಕ್ಲಚ್ ಕೇಬಲ್ ಎಳೆ ಬಿಟ್ಟಿದೆ. ಅಂಕೋಲೆಯಲ್ಲಿ ಸಿಗಲಿಲ್ಲ. ಮೊಮ್ಮಗ ಮುಂದಿನ ಶನಿವಾರ ಹುಬ್ಬಳ್ಳಿಯಿಂದ ಬರುವಾಗ ಎರಡು ತರುತ್ತೇನೆ ಎಂದಿದ್ದಾನೆ, ಒಂದು ಈಗ ಹಾಕಲು, ಒಂದು ಇಟ್ಟುಕೊಳ್ಳಲು.